ಹೆಸರಿಡದ ಕೂಸು

ಫ್ರಾಂಕೆನ್‌ಸ್ಟೈನ್ ಎಂದರೆ ರಾಕ್ಷಸನ ಹೆಸರೆಂದೇ ನಾನು ಬಹುಕಾಲ ತಿಳಿದಿದ್ದೆ. ಕಾದಂಬರಿ ಓದಿದಾಗ ಗೊತ್ತಾಯಿತು, ಅದು ಅವನನ್ನು ಸೃಷ್ಟಿಸಿದ ತರುಣ ವಿಕ್ಟರನ ಮನೆತನದ ಹೆಸರು. ತಾನು ಹುಟ್ಟಿಸಿದ ಜೀವಕ್ಕೆ ಅವನು ಹೆಸರನ್ನೇ ಇಡಲಿಲ್ಲ.

ಬರೆದಾಕೆ ಮೇರಿ ಶೆಲ್ಲಿ. 1797ರಲ್ಲಿ ಅವಳನ್ನು ಹೆತ್ತ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಿದ್ದಳು. 1815ರಲ್ಲಿ ಮೇರಿಯ ಮೊದಲ ಕೂಸು, ದಿನ ತುಂಬದೆ ಹುಟ್ಟಿದ್ದು, ಎರಡು ವಾರ ಕಳೆಯುವ ಮೊದಲೇ ಹೋಯಿತು. ಬೆಂಕಿಯ ಮುಂದೆ ಮೈ ತಿಕ್ಕಿದಾಗ ಅದು ಮತ್ತೆ ಬದುಕಿದಂತೆ ಕನಸು ಕಂಡೆನೆಂದು ಅವಳು ದಿನಚರಿಯಲ್ಲಿ ಬರೆದಿಟ್ಟಳು. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಗಾಲ್ವಾನಿ ಆಗಲೇ ತೋರಿಸಿದ್ದ. 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದವನೊಬ್ಬನ ಶವದ ಮೇಲೂ ಅಂಥ ಪ್ರಯೋಗ ನಡೆದಿತ್ತು. 1816ರ ಬೇಸಿಗೆಯಲ್ಲಿ, ಜಿನೀವಾ ಸರೋವರದ ದಡದಲ್ಲಿ, 18ರ ಮೇರಿ ಕತೆ ಆರಂಭಿಸಿದಳು. 1818ರಲ್ಲಿ ಪುಸ್ತಕ ಅಚ್ಚಾದಾಗ ಅದರ ಮೇಲೆ ಅವಳ ಹೆಸರೂ ಇರಲಿಲ್ಲ.

ಜೀವ ಕೊಡಲು ಹೊರಟದ್ದೇ ವಿಕ್ಟರನ ತಪ್ಪೆನ್ನುತ್ತಾರೆ. ನನಗೆ ಹಾಗನ್ನಿಸದು. ಕಣ್ಣು ಬಿಟ್ಟ ಜೀವ ಕೈ ಚಾಚಿದಾಗ ಅವನು ಹೇಸಿ ಓಡಿಹೋದನಲ್ಲ, ಅದು ತಪ್ಪು. ಹುಟ್ಟಿಸುವ ಹಟವಿತ್ತು, ಸಾಕುವ ಮನಸ್ಸಿರಲಿಲ್ಲ.

ಚೊಚ್ಚಲ ಹೆರಿಗೆಯಲ್ಲಿ ಕೂಸಿನ ಸುಕ್ಕು ಮುಖ ಕಂಡು ನಾನೂ ಕ್ಷಣಕಾಲ ಮುಖ ತಿರುಗಿಸಿದ್ದೆ. ಅಮ್ಮ ಏನೂ ಅನ್ನದೆ ಅದನ್ನು ನನ್ನ ಮಗ್ಗುಲಿಗೆ ಮಲಗಿಸಿದರು. ವಿಕ್ಟರನ ಕೋಣೆಯಲ್ಲಿ ಅಂಥ ಅಮ್ಮ ಯಾರೂ ಇರಲಿಲ್ಲ.