ಬೀಜ ಬಿತ್ತಿದರೆ ಬಾರದ ಚಕ್ಕೋತ

ದೇವನಹಳ್ಳಿ ಎಂದೊಡನೆ ಇಂದು ಎಲ್ಲರಿಗೂ ನೆನಪಾಗುವುದು ವಿಮಾನ ನಿಲ್ದಾಣ. ಇತಿಹಾಸಾಸಕ್ತರಿಗೆ ಅದು ಟಿಪ್ಪು ಸುಲ್ತಾನ್ ಹುಟ್ಟಿದ ಕೋಟೆಯ ಊರು. ಆದರೆ ಹಣ್ಣಿನ ರುಚಿ ಬಲ್ಲವರಿಗೆ ದೇವನಹಳ್ಳಿ ಎಂದರೆ ಚಕ್ಕೋತ. ಕಿತ್ತಳೆ, ನಿಂಬೆಗಳ ಕುಲದಲ್ಲಿ ಇಷ್ಟು ದೊಡ್ಡ ಹಣ್ಣು ಬೇರೊಂದಿಲ್ಲ. ಬೇರೆಡೆಯ ಚಕ್ಕೋತದಲ್ಲಿ ನಾಲಿಗೆಗೆ ತಟ್ಟುವ ಕಹಿ ಇಲ್ಲಿಯದರಲ್ಲಿ ತೀರಾ ಕಡಿಮೆ. ಕೆಂಪು ತೊಳೆ, ಸಿಹಿ ರಸ ಇದರ ಹೆಗ್ಗಳಿಕೆ.

ಹಾಗೆಂದು ಇದು ನಮ್ಮ ನೆಲದಲ್ಲೇ ಹುಟ್ಟಿದ ಹಣ್ಣಲ್ಲ. ಚಕ್ಕೋತದ ತವರು ಆಗ್ನೇಯ ಏಷ್ಯಾ. ಬಂಗಾಳಿಗಳು ಇದನ್ನು 'ಬಾತಾಬಿ ಲೇಬು' ಎನ್ನುತ್ತಾರೆ. ಇಂದಿನ ಜಕಾರ್ತಾ ನಗರವನ್ನು ಡಚ್ಚರು ಕರೆಯುತ್ತಿದ್ದ ಬಟಾವಿಯಾ ಎಂಬ ಹೆಸರು ಅದರಲ್ಲಿ ಅಡಗಿದೆ. ಪಶ್ಚಿಮಕ್ಕೂ ಪಯಣಿಸಿದ ಚಕ್ಕೋತ, ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದಲ್ಲಿ ಕಿತ್ತಳೆಯೊಡನೆ ಬೆರೆತು, 18ನೇ ಶತಮಾನದಲ್ಲಿ ಗ್ರೇಪ್‌ಫ್ರೂಟ್ ಎಂಬ ಹೊಸ ಹಣ್ಣಿಗೆ ಜನ್ಮ ನೀಡಿತು. ಸಿಹಿ ಕಿತ್ತಳೆಯ ಮೂಲದಲ್ಲೂ ಚಕ್ಕೋತದ ಅಂಶವಿದೆ ಎಂಬುದನ್ನು ವಂಶವಾಹಿ ಅಧ್ಯಯನಗಳು ತೋರಿಸಿವೆ.

ನಾವಿಕರ ಮದ್ದು

ಈ ಕುಲದ ಹಣ್ಣುಗಳ ಔಷಧೀಯ ಗುಣ ಪ್ರಯೋಗದಿಂದ ಸಾಬೀತಾದದ್ದು ಸಮುದ್ರದ ಮೇಲೆ. ತಿಂಗಳುಗಟ್ಟಲೆ ಹಡಗಿನಲ್ಲಿರುತ್ತಿದ್ದ ನಾವಿಕರು ಒಸಡು ಊದಿ, ರಕ್ತ ಸುರಿದು ಸಾಯುತ್ತಿದ್ದರು. ಅದು ಸ್ಕರ್ವಿ ರೋಗ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 12 ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಮದ್ದು ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದವರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಇದಕ್ಕೆ ಕಾರಣವಾದ 'ಸಿ' ಜೀವಸತ್ವ ಪತ್ತೆಯಾಗಲು 20ನೇ ಶತಮಾನವೇ ಬರಬೇಕಾಯಿತು.

ನೂರು ಗ್ರಾಂ ಚಕ್ಕೋತದಲ್ಲಿ ಸುಮಾರು 60 ಮಿಲಿಗ್ರಾಂ 'ಸಿ' ಜೀವಸತ್ವವಿರುತ್ತದೆ. ವಯಸ್ಕರ ಒಂದು ದಿನದ ಅಗತ್ಯದ ಬಹುಪಾಲು ಇಷ್ಟರಿಂದಲೇ ಪೂರೈಕೆಯಾಗುತ್ತದೆ. ಜೊತೆಗೆ ಪೊಟ್ಯಾಸಿಯಂ ಹಾಗೂ ನಾರಿನಂಶ ಉಂಟು. ಹಣ್ಣಿನ ಬಹುಭಾಗ ನೀರು. ಕ್ಯಾಲರಿ 40ನ್ನೂ ಮುಟ್ಟದು. ಬೇಯಿಸಿದರೆ 'ಸಿ' ಜೀವಸತ್ವ ನಷ್ಟವಾಗುವುದರಿಂದ ತೊಳೆ ಬಿಡಿಸಿ, ಉಪ್ಪು ಖಾರ ಉದುರಿಸಿ ಹಾಗೆಯೇ ತಿನ್ನುವುದು ಜಾಣತನ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ರಕ್ತದೊತ್ತಡ ಮತ್ತು ಕೊಲೆಸ್ಟರಾಲ್‌ಗೆ ಕೊಡುವ ಕೆಲವು ಮಾತ್ರೆಗಳನ್ನು ದೇಹ ಕರಗಿಸುವ ಕ್ರಿಯೆಗೆ ಗ್ರೇಪ್‌ಫ್ರೂಟಿನಂತೆ ಚಕ್ಕೋತದ ಅಂಶಗಳೂ ಅಡ್ಡಿಯಾಗಬಲ್ಲವು. ಆಗ ಔಷಧ ರಕ್ತದಲ್ಲಿ ಅತಿಯಾಗಿ ಉಳಿಯುತ್ತದೆ. ಇಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ತಿನ್ನುವುದು ಕ್ಷೇಮ.

ಹೆಸರು ಉಳಿದರೆ ಸಾಕೆ?

ಸುಮಾರು 4,000 ಎಕರೆಯಲ್ಲಿ ತಲೆಯೆತ್ತಿದ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಸುತ್ತಲಿನ ಭೂಮಿಗೆ ಚಿನ್ನದ ಬೆಲೆ ಬಂತು. ಹೊಲ, ತೋಟಗಳಿದ್ದೆಡೆ ಬಡಾವಣೆಗಳು ಎದ್ದವು. ಚಕ್ಕೋತದ ಮರಗಳೂ ವಿರಳವಾದವು. ಈ ನಡುವೆ ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರಕಿದೆ. ಬೇರೆ ಊರಿನ ಹಣ್ಣನ್ನು ಇನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ.

ಆದರೆ ಮಾನ್ಯತೆ ಹೆಸರನ್ನು ಕಾಯುತ್ತದೆಯೇ ಹೊರತು ಮರವನ್ನಲ್ಲ. ಚಕ್ಕೋತದ ಸ್ವಭಾವವೇ ವಿಚಿತ್ರ. ಕಿತ್ತಳೆಯ ಬೀಜದಿಂದ ಸಾಮಾನ್ಯವಾಗಿ ತಾಯಿಯನ್ನೇ ಹೋಲುವ ಸಸಿ ಬರುತ್ತದೆ. ಚಕ್ಕೋತದಲ್ಲಿ ಹಾಗಲ್ಲ, ಬೀಜದಿಂದ ಹುಟ್ಟಿದ ಪ್ರತಿ ಗಿಡವೂ ಬೇರೆ ಬೇರೆ. ಸಿಹಿ ಹಣ್ಣಿನ ಬೀಜ ಬಿತ್ತಿದವನಿಗೆ ಕಹಿ ಹಣ್ಣು ಸಿಕ್ಕರೆ ಅಚ್ಚರಿಯಿಲ್ಲ. ತಾಯಿಮರದ ರುಚಿಯೇ ಬೇಕೆಂದರೆ ಅದರ ಕೊಂಬೆಗೆ ಗೂಟಿ ಕಟ್ಟಬೇಕು, ಇಲ್ಲವೇ ಕಣ್ಣು ಕಸಿ ಮಾಡಬೇಕು.

ಅಂದರೆ ಒಳ್ಳೆಯ ಮರವೊಂದನ್ನು ಕಡಿದ ಮೇಲೆ ಮನೆಯಲ್ಲಿ ಬೀಜ ಉಳಿದಿದ್ದರೂ ಆ ಹಣ್ಣು ಮರಳಿ ಬಾರದು. ಹಿತ್ತಿಲಿನಲ್ಲಿ, ತೋಟದ ಬದಿಯಲ್ಲಿ ಉಳಿದಿರುವ ಹಳೆಯ ಮರಗಳಿಂದ ಕೊಡಲಿ ಬೀಳುವ ಮೊದಲೇ ಗೂಟಿ ಕಟ್ಟಿ ಸಸಿ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಒಂದು ಚಾಕು, ಹಿಡಿಯಷ್ಟು ತೇವದ ಪಾಚಿ, ಸುತ್ತಲು ಪ್ಲಾಸ್ಟಿಕ್ ಹಾಳೆ ಮತ್ತು ಬೇರು ಬರುವವರೆಗೆ ಕಾಯುವ ತಾಳ್ಮೆ.