ಕಾಶಿಗೆ ಬರುತ್ತಿದ್ದ ಕಡಲ ಮೀನು

ಹಿಲ್ಸಾ ಬೆಳೆಯುವುದು ಉಪ್ಪುನೀರಿನಲ್ಲಿ, ಮೊಟ್ಟೆಯಿಡುವುದು ಸಿಹಿನೀರಿನಲ್ಲಿ. ಬಂಗಾಳ ಕೊಲ್ಲಿಯಿಂದ ಸುಂದರಬನದ ಕಾಂಡ್ಲಾ ಕಾಡುಗಳ ನಡುವಿನ ಅಳಿವೆಗಳನ್ನು ಹೊಕ್ಕು, ಗಂಗೆಯ ಸೆಳವಿಗೆ ಎದುರೀಜುತ್ತಿದ್ದ ಈ ಬೆಳ್ಳಿಮೈಯ ಮೀನು ವಾರಾಣಸಿಯನ್ನೂ ದಾಟಿ ಪ್ರಯಾಗ, ಕಾನ್ಪುರಗಳವರೆಗೆ, ಯಮುನೆಯಲ್ಲಿ ಆಗ್ರಾದವರೆಗೆ ಹೋಗುತ್ತಿತ್ತು. ಹಲ್ದಿಯಾದಿಂದ ವಾರಾಣಸಿಗೇ ನೀರಿನ ದಾರಿ ಸುಮಾರು 1,390 ಕಿ.ಮೀ. ಹಿಲ್ಸಾ ನದಿ ಏರುವುದಕ್ಕೆ ಎರಡು ಹಂಗಾಮು: ಮಳೆಗಾಲದ ನೆರೆಯೊಂದಿಗೆ ದೊಡ್ಡ ವಲಸೆ, ಚಳಿ ಇಳಿಯುವ ಹೊತ್ತಿಗೆ ಚಿಕ್ಕದು.

ಈ ಮೀನಿಗೆ ಶಾಸ್ತ್ರೀಯ ಹೆಸರು ಕೊಟ್ಟವನು ಕನ್ನಡಿಗರಿಗೆ ಅಪರಿಚಿತನಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಮತ್ತು ಕರಾವಳಿಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ 1807ರಿಂದ 1814ರವರೆಗೆ ಬಂಗಾಳ, ಬಿಹಾರ, ಗೋರಖಪುರಗಳ ಸರ್ವೆ ನಡೆಸಿದ. ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ 1822ರಲ್ಲಿ ಅವನು ಪ್ರಕಟಿಸಿದ ಗಂಗೆಯ ಮೀನುಗಳ ಗ್ರಂಥ ಇಂದಿಗೂ ಈ ವಿಷಯದ ಮೂಲ ಆಕರ. ಬಂಗಾಳದ ಬೆಸ್ತರ ಬಾಯಲ್ಲಿದ್ದ 'ಇಲಿಶ್' ಅಲ್ಲಿ 'ಇಲಿಶಾ' ಆಗಿ ನಿಂತಿತು.

ವಾರಾಣಸಿಯಲ್ಲಿ ಬಲೆ ಹಿಡಿದವರು ಮಲ್ಲಾಹರು. ನಿಷಾದರೆಂದೂ ಕರೆಸಿಕೊಳ್ಳುವ ಇವರು ರಾಮನನ್ನು ಗಂಗೆ ದಾಟಿಸಿದ ಗುಹನನ್ನು ತಮ್ಮ ಕುಲದವನೆಂದು ಹೆಮ್ಮೆಪಡುತ್ತಾರೆ. ದೋಣಿ ನಡೆಸುವುದು, ಮರಳು ತೆಗೆಯುವುದು, ನೆರೆ ಇಳಿದ ಮೇಲೆ ಎದುರು ದಡದ ಮರಳುದಿಣ್ಣೆಯಲ್ಲಿ ಸೌತೆ, ಕಲ್ಲಂಗಡಿ ಬೆಳೆಯುವುದು, ಮೀನು ಹಿಡಿಯುವುದು ಎಲ್ಲವೂ ಇವರ ಕಸುಬೇ. ಚಳಿಗಾಲದಲ್ಲಿ ನದಿ ತಗ್ಗಿ ಸೆಳವು ಮೆತ್ತಗಾದಾಗ ಎಳೆಬಲೆಗೆ ಅನುಕೂಲ. ನಮ್ಮ ಕರಾವಳಿಯ ರಂಪಣಿಯ ಹಾಗೆ ಮೀನಿನ ಹಿಂಡನ್ನು ಸುತ್ತುವರಿದು ದಡಕ್ಕೆಳೆಯುವ ಉದ್ದನೆಯ ಬಲೆಗೆ ಗಂಗಾತೀರದಲ್ಲಿ 'ಮಹಾಜಾಲ' ಎಂದೇ ಹೆಸರು. ಒಬ್ಬಂಟಿಗನಿಗೆ ಬೀಸುಬಲೆ ಸಾಕು.

1975ರಲ್ಲಿ ಫರಕ್ಕಾ ಅಣೆ ಕೆಲಸ ಆರಂಭಿಸಿತು. ಹೂಳು ತುಂಬುತ್ತಿದ್ದ ಕಲ್ಕತ್ತಾ ಬಂದರಿಗೆ ಗಂಗೆಯ ನೀರನ್ನು ತಿರುಗಿಸಲು ಕಟ್ಟಿದ, ಎರಡು ಕಿ.ಮೀ.ಗೂ ಉದ್ದದ, 109 ಬಾಗಿಲುಗಳ ಕಟ್ಟಡವದು. ಮೀನು ದಾಟಲೆಂದು ಮಾಡಿದ್ದ ಏರ್ಪಾಡು ಹಿಲ್ಸಾಕ್ಕೆ ಒದಗಲಿಲ್ಲ. ಬಕ್ಸರ್, ವಾರಾಣಸಿ, ಪ್ರಯಾಗದ ಬಲೆಗಳಿಂದ ಅದು ಹೆಚ್ಚುಕಡಿಮೆ ಮಾಯವಾಯಿತು. ಬಂದರನ್ನು ಉಳಿಸಿದ ಬೆಲೆ ಮೇಲ್ದಂಡೆಯ ಬೆಸ್ತರ ತಲೆಗೆ ಬಿದ್ದದ್ದು ಅನ್ಯಾಯವೇ ಸರಿ. ಗೋದಾವರಿಯಲ್ಲಿ ಇದೇ ಮೀನು 'ಪುಲಸ'. ಅಲ್ಲಿಯೂ ಧವಳೇಶ್ವರದ ಅಣೆಯೇ ಅದರ ದಾರಿಗೆ ಅಡ್ಡ.

1989ರಲ್ಲಿ ವಾರಾಣಸಿಯಲ್ಲಿ ರಾಮನಗರ ಕೋಟೆಯಿಂದ ಮಾಲವೀಯ ಸೇತುವೆಯವರೆಗಿನ 7 ಕಿ.ಮೀ. ನದಿ ಆಮೆಗಳ ಅಭಯಾರಣ್ಯವಾಯಿತು. ಅರೆಬೆಂದ ಶವಗಳನ್ನು ಆಮೆಗಳು ತಿಂದು ನೀರು ಶುಚಿಯಾಗಲಿ ಎಂಬುದು ಉದ್ದೇಶ. ಆದರೆ ಘಾಟ್‌ಗಳ ಮುಂದೆ ಬಲೆ ಬೀಸುವುದು ಅಪರಾಧವಾಯಿತು. ಅಭಯಾರಣ್ಯದ ಪಟ್ಟ 2020ರಲ್ಲಿ ಹೋಯಿತು. ಅಷ್ಟರಲ್ಲಿ ಮಲ್ಲಾಹರ ಹೆಚ್ಚಿನ ಮನೆಗಳು ಯಾತ್ರಿಕರ ದೋಣಿಯನ್ನೇ ನೆಚ್ಚಿಕೊಂಡಿದ್ದವು.

ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈಚಿನ ವರ್ಷಗಳಲ್ಲಿ ಫರಕ್ಕಾದ ಕೆಳಗೆ ಹಿಡಿದ ಹಿಲ್ಸಾಗಳನ್ನು ಅಣೆಯ ಮೇಲ್ಭಾಗದ ಗಂಗೆಗೆ ಬಿಡುತ್ತಿದೆ.