ಬಿಡಿಭಾಗವೂ ಒಂದು ದಾಖಲೆ: ಮೈಸೂರಿನ ಜಾವಾ

ಶಾಸನ, ಕಡತಗಳಂತೆ ಯಂತ್ರವೂ ಇತಿಹಾಸದ ಆಕರವೇ. ಆರು ದಿನಗಳ ಅಂತರರಾಷ್ಟ್ರೀಯ ಮೋಟಾರುಸೈಕಲ್ ಪರೀಕ್ಷಾಸ್ಪರ್ಧೆಯಲ್ಲಿ ಹೆಸರು ಗಳಿಸಿದ್ದ ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಗಾಡಿಗಳನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಪರವಾನಗಿ ಪಡೆದು ತಯಾರಿಸತೊಡಗಿತು. 1970ರ ದಶಕದಲ್ಲಿ ಅವು ಯೆಜ್ಡಿ ಎನಿಸಿದವು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳ ಮೂಲವೇ ಬತ್ತಿತು. ಜೀರ್ಣೋದ್ಧಾರ ಬಯಸುವವರು ಗುಜರಿ ಅಂಗಡಿಗಳನ್ನೂ ಹಳೆಯ ಮೆಕ್ಯಾನಿಕರನ್ನೂ ಹೊಸದಾಗಿ ತಯಾರಾದ ಪ್ರತಿರೂಪಗಳನ್ನೂ ಆಶ್ರಯಿಸಬೇಕಾಯಿತು.

ಇಲ್ಲೊಂದು ಧರ್ಮಸಂಕಟವಿದೆ. ಒದೆದು ಎಂಜಿನ್ ಚಾಲೂ ಮಾಡುವುದಕ್ಕೂ ಗೇರು ಬದಲಿಸುವುದಕ್ಕೂ ಜಾವಾದಲ್ಲಿ ಒಂದೇ ಸನ್ನೆ. ಸವೆದ ಆ ಸನ್ನೆಯನ್ನು ಎಸೆದು ಪ್ರತಿರೂಪವನ್ನು ಜೋಡಿಸಿದರೆ ಗಾಡಿಯೇನೋ ಓಡೀತು. ಮೈಸೂರಿನ ಕುಶಲಕರ್ಮಿಗಳ ಕೈಗುರುತೂ ದೀರ್ಘಬಳಕೆಯ ಸಾಕ್ಷ್ಯವೂ ಅಳಿದಾವು. ಆದುದರಿಂದ ತೆಗೆದ ಭಾಗವನ್ನು ಕಾಯ್ದಿರಿಸಿ, ಮಾಡಿದ ಬದಲಾವಣೆಯನ್ನು ಬರೆದಿಡುವುದು ಜೀರ್ಣೋದ್ಧಾರಕನ ಮೊದಲ ಕರ್ತವ್ಯ.